ಪಿರೇಯಸ್‌ಗೆ ವಾಪಸು ಹೋದ ಕಾಗದ

ಅತ್ತಿಗುಪ್ಪೆ

ನಾನು ಮೂವತ್ತೊಂದು ವರ್ಷ ಬಸವೇಶ್ವರನಗರದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಪೈ, ಸಿಗ್ಮಾ, ಥೀಟಾ ಎಂದು ಬೋರ್ಡಿನ ಮೇಲೆ ಸಾವಿರಾರು ಸಲ ಬರೆದಿದ್ದೇನೆ. ಆ ಅಕ್ಷರಗಳನ್ನು ಬಳಸಿ ಯಾರೋ ಮನೆಯ ಸುದ್ದಿ ಬರೆಯುತ್ತಾರೆ, ಸಾಮಾನಿನ ಚೀಟಿ ಬರೆಯುತ್ತಾರೆ ಎಂದು ಮಾತ್ರ ಒಂದು ದಿನವೂ ಹೊಳೆದಿರಲಿಲ್ಲ.

ಹೊಳೆದದ್ದು ಅಪ್ಪನ ಪ್ರಶಂಸಾಪತ್ರದ ಗಾಜು ಒಡೆದ ದಿನ.

ಅಪ್ಪ ಮಲ್ಲತ್ತಹಳ್ಳಿಯ ಮುನಿಯಪ್ಪ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ದಾಯಾದಿಗಳ ಜೊತೆ ಜಗಳವಾಡಿ ಬೊಂಬಾಯಿಗೆ ಓಡಿಹೋದರಂತೆ. ಎರಡನೆಯ ಮಹಾಯುದ್ಧದ ಕಾಲ. ಹಡಗುಗಳಿಗೆ ಆಳು ಸಾಲುತ್ತಿರಲಿಲ್ಲ. ಸೈನ್ಯಕ್ಕೆ ಸಾಮಾನು ಸಾಗಿಸುವ ಒಂದು ಸರಕು ಹಡಗು ಹತ್ತಿದರು. ಯುದ್ಧ ಮುಗಿದ ಮೇಲೆ ಊರಿಗೆ ಬಂದು, ಮದುವೆಯಾಗಿ, ಹೊಲ ಉತ್ತು, ನನಗೆ ಹದಿನೈದು ತುಂಬಿದಾಗ ತೀರಿಕೊಂಡರು. ಹಡಗಿನ ವಿಷಯ ಕೇಳಿದರೆ, "ಎಲ್ಲಿಗೆ ಹೋಗ್ತಿದೀವಿ ಅಂತ ನಮಗೇ ಹೇಳ್ತಿರಲಿಲ್ಲ ಕಣವ್ವ, ನಿನಗೇನು ಹೇಳ್ಲಿ" ಎನ್ನುತ್ತಿದ್ದರು. ಬಿಟ್ಟು ಹೋದದ್ದು ಎರಡೇ. ಹಡಗಿನ ಕೆಲಸದ ಒಂದು ಪುಟ್ಟ ಪುಸ್ತಕ. ಅದರೊಳಗೆ ಮಡಿಸಿಟ್ಟ, ಪೆನ್ಸಿಲಿನಲ್ಲಿ ಬರೆದ, ಯಾರಿಗೂ ಓದಲು ಬಾರದ ಒಂದು ಕಾಗದ.

ಆ ಕಾಗದಕ್ಕೆ ನನ್ನ ಅಣ್ಣ ಗಂಗಾಧರ ಕಟ್ಟು ಹಾಕಿಸಿ ಕೆಂಗೇರಿಯ ತನ್ನ ಮನೆಯಲ್ಲಿ, ಅಪ್ಪನ ಫೋಟೋ ಪಕ್ಕ, ಕೈಗೆಟುಕದ ಎತ್ತರದಲ್ಲಿ ತೂಗುಹಾಕಿದ್ದ. ಅವನು ಲಾರಿ ಓಡಿಸಿ, ಆಮೇಲೆ ನಾಲ್ಕು ಲಾರಿ ಇಟ್ಟು, ಈಗ ಎಪ್ಪತ್ತೆರಡರಲ್ಲಿ ಬಡಾವಣೆಯ ಸಂಘದ ಹಿರಿಯ. ಪ್ರತಿ ಆಗಸ್ಟ್ ಹದಿನೈದಕ್ಕೆ ಬಾವುಟ ಹಾರಿಸಿ, ಬಂದವರನ್ನೆಲ್ಲ ಮನೆಗೆ ಕರೆದು ತೋರಿಸುತ್ತಿದ್ದ. "ನಮ್ಮಪ್ಪ ನೇವೀಲಿ ಇದ್ರು ಸಾರ್. ಇದು ಅವರಿಗೆ ಕೊಟ್ಟಿರೋ ಸರ್ಟಿಫಿಕೇಟು. ಸೀಕ್ರೆಟ್ ಕೋಡಲ್ಲಿದೆ, ಅದಕ್ಕೇ ಓದಕ್ಕಾಗಲ್ಲ."

ಹೋದ ವರ್ಷ ಗೌರಿ ಹಬ್ಬಕ್ಕೆ ಅವನ ಮನೆಯ ಧೂಳು ಹೊಡೆಯಲು ಹೋಗಿ ಆ ಕಟ್ಟನ್ನು ಬೀಳಿಸಿದವಳು ನಾನೇ. ಗಾಜು ಗುಡಿಸುವಾಗ ಕಾಗದವನ್ನು ಮೊದಲ ಬಾರಿ ಬೆಳಕಿನಲ್ಲಿ ನೋಡಿದೆ. ಮೇಲ್ಗಡೆ ಒಂದು ಪದ. ಬಾಗಿಲ ಚೌಕಟ್ಟಿನಂಥ ದೊಡ್ಡ ಪೈ. ನಡುವೆ ಬಾಲ ಇಳಿಬಿಟ್ಟ ರೋ. ಕೊನೆಯಲ್ಲಿ ಸಿಗ್ಮಾ.

"ಅಣ್ಣಾ, ಇದು ಕೋಡಲ್ಲ. ಗ್ರೀಕ್ ಭಾಷೆ."

"ನೀನು ಗಣಿತದ ಮೇಡಂ. ನಿನಗೆ ಎಲ್ಲಾ ಗಣಿತದ ಥರ ಕಾಣುತ್ತೆ" ಎಂದು ಅವನು ಒಪ್ಪಲಿಲ್ಲ.

ನನ್ನ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಕಲಬುರಗಿಯ ವಿದ್ಯಾರ್ಥಿನಿ ತನ್ನ ಫೋನನ್ನು ಕಾಗದದ ಮೇಲೆ ಹಿಡಿದಳು. ಮೇಲಿನ ಪದ 'ಪಿರೇಯಸ್', ಗ್ರೀಸ್ ದೇಶದ ಬಂದರು ಎಂದಿತು ಫೋನು. ಉಳಿದ ಪೆನ್ಸಿಲ್ ಗೀಚಿಗೆ ಅದು ಹೇಳಿದ ಅರ್ಥ: 'ಹಾಲು. ಸಹೋದರ. ಚಳಿಗಾಲವು ಹೋಗಿದ್ದಾಳೆ. ಸಮುದ್ರ ಸಾಕು.' ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಯಾರಿಗಾದರೂ ಫೋಟೋ ಕಳಿಸಿ ಓದಿಸೋಣ ಎಂದರೆ ಅಣ್ಣ ಕೇಳಲಿಲ್ಲ. "ಅಪ್ಪನ ಕಾಗದಾನ ಕಂಡೋರಿಗೆಲ್ಲ ಕಳಿಸ್ತಾರೇನೇ? ಹೋಗಿ ಕೇಳಣ ನಡಿ" ಎಂದ. ಪುಸ್ತಕದಲ್ಲಿ ಹೆಸರಿದ್ದ ಅಪ್ಪನ ಹಡಗು ಎಂದೋ ಗುಜರಿಯಾಗಿರಬೇಕು. ಆದರೆ ಅದೇ ಜಾತಿಯ, ಯುದ್ಧಕಾಲದ ಒಂದು ಸರಕು ಹಡಗನ್ನು ಪಿರೇಯಸ್ ಬಂದರಿನಲ್ಲೇ ನೋಡುವವರಿಗಾಗಿ ಉಳಿಸಿಟ್ಟಿದ್ದಾರೆ ಎಂದು ಆ ಹುಡುಗಿಯೇ ಹುಡುಕಿ ಹೇಳಿದಳು. ಅಣ್ಣ ಅವತ್ತೇ ಪಾಸ್‌ಪೋರ್ಟ್ ಕಚೇರಿಯ ದಾರಿ ಕೇಳಿದ.

ಅಥೆನ್ಸ್

ಗ್ರೀಕರು ಹೌದು ಎನ್ನಲು 'ನೆ' ಎನ್ನುತ್ತಾರೆ. ಇದನ್ನು ವಿಮಾನ ಇಳಿಯುವ ಮೊದಲು ಯಾರಾದರೂ ನಮಗೆ ಹೇಳಬೇಕಿತ್ತು. ಹೋಟೆಲಿನಲ್ಲಿ ಬಿಸಿನೀರು ಇದೆಯೇ ಎಂದೆ. "ನೆ, ನೆ" ಎಂದಳು ಹುಡುಗಿ. ಅಣ್ಣ ಅದನ್ನು ಹಿಂದಿಯ 'ನೈ' ಎಂದುಕೊಂಡು ತಣ್ಣೀರಿನಲ್ಲಿ ಸ್ನಾನ ಮಾಡಿ ಹಲ್ಲು ಕಟಕಟಿಸುತ್ತಾ ಬಂದ. ಬೇಡ ಎನ್ನಲು ಅವರು ತಲೆಯನ್ನು ಅಡ್ಡ ಆಡಿಸುವುದಿಲ್ಲ. ಗದ್ದ ಮೇಲೆತ್ತಿ, ಹುಬ್ಬು ಏರಿಸಿ, ನಾಲಿಗೆಯಲ್ಲಿ ಲೊಚ್ ಎನ್ನುತ್ತಾರೆ. ನಮ್ಮ ಕಡೆ ಅದು 'ಏನ್ ಸಮಾಚಾರ' ಎಂಬಂತೆ ಕಾಣುತ್ತದೆ. ಹಾಗಾಗಿ ಯಾರು ಇಲ್ಲ ಎಂದರೂ ಅಣ್ಣ ನಿಂತು, "ಎಲ್ಲಾ ಚೆನ್ನಾಗಿದೀವಿ ಸಾರ್, ಬೆಂಗಳೂರು" ಎಂದು ಉತ್ತರ ಕೊಡುತ್ತಿದ್ದ. ನಾವು ಹೂಂ ಎಂದು ತಲೆದೂಗುವುದನ್ನು ಅವರು ಏನೆಂದು ತಿಳಿದರೋ ಗೊತ್ತಿಲ್ಲ. ಮೊದಲ ದಿನ ನಾವು ಕೇಳದ ಎರಡು ಸೂಪು ಬಂತು; ಕೇಳಿದ ಅನ್ನ ಬರಲೇ ಇಲ್ಲ.

ಕಾಫಿ ಅಂಗಡಿಗಳಲ್ಲಿ ಮುದುಕರು ಕೈಯಲ್ಲಿ ಮಣಿಸರ ಹಿಡಿದು ತಿರುಗಿಸುತ್ತಾ ಕೂತಿರುತ್ತಾರೆ. "ನೋಡೇ, ಎಲ್ಲಾ ಜಪ ಮಾಡ್ತಾವ್ರೆ. ಭಕ್ತಿ ಇರೋ ದೇಶ" ಎಂದ ಅಣ್ಣ. ಅಷ್ಟರಲ್ಲಿ ಜಪ ಮಾಡುತ್ತಿದ್ದ ಇಬ್ಬರು ಟಿವಿಯ ಫುಟ್‌ಬಾಲ್ ನೋಡಿ ಮೇಜು ಗುದ್ದಿ ಬೈದಾಡಿದರು. ಅದು ಬೆರಳಿಗೆ ಕೆಲಸ ಕೊಡುವ ಸರ ಮಾತ್ರವಂತೆ. ಬೆಂಗಳೂರಿನ ವಿಜಯನಗರದಲ್ಲಿ ನಾವು ದರ್ಶಿನಿಯ ಮುಂದೆ ನಿಂತು ಎರಡು ನಿಮಿಷದಲ್ಲಿ ಕಾಫಿ ಮುಗಿಸಿ ಲೋಟ ಇಡುವ ಜನ. ಇಲ್ಲಿ ಒಂದು ಕಾಫಿಗೆ ಎರಡು ಗಂಟೆ. ಯಾರೂ ಎಬ್ಬಿಸುವುದಿಲ್ಲ. ಎಬ್ಬಿಸದಿದ್ದರೆ ಎದ್ದುಹೋಗುವುದು ಹೇಗೆ ಎಂದು ತಿಳಿಯದೆ ನಾವೂ ಕೂತೇ ಇದ್ದೆವು.

ಪಿರೇಯಸ್

ಮೆಟ್ರೊ ಹತ್ತಿದಾಗ ನನಗೆ ಎಲ್ಲ ಬೋರ್ಡುಗಳೂ ತ್ರಿಕೋನಮಿತಿಯ ಪ್ರಶ್ನೆಪತ್ರಿಕೆಯಂತೆ ಕಂಡವು. ಡೆಲ್ಟಾ, ಸಿಗ್ಮಾ, ಒಮೆಗಾ. ಓದಬಲ್ಲೆ ಎಂಬ ಜಂಬ, ಓದಿದರೆ ಅರ್ಥವಿಲ್ಲ. ಆದರೆ ಕೊನೆಯ ನಿಲ್ದಾಣದಲ್ಲಿ ನೀಲಿ ಹಲಗೆಯ ಮೇಲೆ ಬಾಗಿಲ ಚೌಕಟ್ಟಿನಂಥ ಆ ಪೈ ಕಂಡಾಗ ಅಣ್ಣನ ತೋಳು ಹಿಡಿದೆ. ಅವನು ಕೋಟಿನೊಳಗಿಂದ ಪ್ಲಾಸ್ಟಿಕ್ ಫೈಲು ತೆಗೆದು ಕಾಗದದ ಮೇಲಿನ ಪದವನ್ನೂ ಹಲಗೆಯನ್ನೂ ಒಂದೊಂದೇ ಅಕ್ಷರವಾಗಿ ಹೋಲಿಸಿದ. ಬಾಲದಲ್ಲಿ ಒಂದೆರಡು ಅಕ್ಷರ ಬೇರೆ. ಉಳಿದದ್ದೆಲ್ಲ ಅದೇ.

"ಅಪ್ಪ ಇಲ್ಲಿಗೆ ಬಂದಿದ್ರು ಕಣೇ" ಎಂದ. ದನಿ ಸಣ್ಣಗಾಗಿತ್ತು.

ಬಂದರಿನಲ್ಲಿ ನನ್ನ ಅಕ್ಷರಜ್ಞಾನ ನಮ್ಮನ್ನು ಸಿಕ್ಕಿಹಾಕಿಸಿತು. ಬೇಲಿಯುದ್ದಕ್ಕೂ ಒಂದೇ ಹೆಸರು ಬರೆದಿತ್ತು. ಕಷ್ಟಪಟ್ಟು ಕೂಡಿಸಿ ಓದಿದೆ: ಅಪಗೊರೆವೆತೆ. ಅಥೆನ್ಸಿನಲ್ಲೂ ಎಷ್ಟೋ ಗೋಡೆಗಳ ಮೇಲೆ ಈ ಹೆಸರು ನೋಡಿದ್ದೆ. ಯಾರೋ ದೊಡ್ಡ ಮನುಷ್ಯ, ಬಂದರಿಗೂ ಅವನದೇ ಹೆಸರಿಟ್ಟಿದ್ದಾರೆ ಎಂದುಕೊಂಡು, ಹೆಸರು ಅತಿ ದೊಡ್ಡದಾಗಿ ಬರೆದಿದ್ದ ಗೇಟಿನಲ್ಲೇ ಒಳನುಗ್ಗಿದೆವು. ಕಂಟೇನರ್ ಎತ್ತುವ ಯಂತ್ರಗಳ ನಡುವೆ ನೂರು ಹೆಜ್ಜೆ ಹೋಗುವಷ್ಟರಲ್ಲಿ ಕಾವಲುಗಾರ ಓಡಿಬಂದು ಗದ್ದ ಮೇಲೆತ್ತಿ ಲೊಚ್ ಎಂದ. ಅಣ್ಣ, "ಚೆನ್ನಾಗಿದೀವಿ ಸಾರ್" ಎಂದ. ಆಮೇಲೆ ತಿಳಿಯಿತು: ಅಪಗೊರೆವೆತೆ ಎಂದರೆ 'ನಿಷೇಧಿಸಲಾಗಿದೆ'.

ಆ ಕಾವಲುಗಾರ ಒಳ್ಳೆಯವನು. ಅಣ್ಣ ಕೈಯಲ್ಲಿ ಹಡಗಿನ ಆಕಾರ ಮಾಡಿ, 'ಢಂ ಢಂ' ಎಂದು ಯುದ್ಧವನ್ನೂ ಅಭಿನಯಿಸಿ ತೋರಿಸಿದ ಮೇಲೆ, ತನ್ನ ಗಾಡಿಯಲ್ಲೇ ಕೂರಿಸಿಕೊಂಡು ಆ ಹಡಗಿನ ಮುಂದೆ ಇಳಿಸಿದ.

ಹಡಗು

ಅಪ್ಪನ ಹಡಗನ್ನು ನಾನು ಮನಸ್ಸಿನಲ್ಲಿ ಚೂಪುಮೂತಿಯ, ಫಿರಂಗಿಗಳ, ಬೆಳ್ಳನೆಯ ಹಡಗಾಗಿ ಕಟ್ಟಿಕೊಂಡಿದ್ದೆ. ಕಂಡದ್ದು ಬೂದು ಬಣ್ಣದ ಉದ್ದನೆಯ ಕಬ್ಬಿಣದ ತೊಟ್ಟಿ. ನಮ್ಮ ಮೆಟ್ರೊ ಪ್ಲಾಟ್‌ಫಾರಂನಷ್ಟು ಉದ್ದ. ನಡುವೆ ಒಂದು ಮನೆ, ಒಂದು ಹೊಗೆಕೊಳವೆ, ಎತ್ತ ನೋಡಿದರೂ ಸಾಮಾನು ಎತ್ತುವ ಕಂಬಗಳು.

ಹಡಗು ತೋರಿಸಲು ಬಂದವಳು ಕತೆರಿನಾ, ಐವತ್ತರ ಹೆಂಗಸು. ಅವಳ ತಂದೆ ಹಡಗಿನ ಮೆಕ್ಯಾನಿಕ್ ಆಗಿದ್ದರಂತೆ. ಅವಳು ಇಂಗ್ಲಿಷಿನಲ್ಲಿ ಹೇಳುವುದು, ನಾನು ಅಣ್ಣನಿಗೆ ಕನ್ನಡ ಮಾಡುವುದು.

ಅಣ್ಣ ಕೇಳಿದ ಮೊದಲ ಪ್ರಶ್ನೆ, "ಇದು ನೇವಿ ಹಡಗು ತಾನೇ?"

ಕತೆರಿನಾ ಸ್ವಲ್ಪ ಯೋಚಿಸಿ, "ಹೌದು ಮತ್ತು ಅಲ್ಲ" ಎಂದಳು. ಯುದ್ಧಕಾಲದಲ್ಲಿ ಇಂಥ ಹಡಗುಗಳನ್ನು ತಿಂಗಳು, ಒಂದೂವರೆ ತಿಂಗಳಿಗೆ ಒಂದರಂತೆ ಬೆಸುಗೆ ಹಾಕಿ ನೀರಿಗೆ ತಳ್ಳುತ್ತಿದ್ದರಂತೆ. ಚೆಂದ ಬೇಡ, ವೇಗ ಬೇಡ. ಒಂದೇ ಒಂದು ಸಲ ಸಾಮಾನು ಮುಟ್ಟಿಸಿದರೂ ಹುಟ್ಟಿದ್ದು ಸಾರ್ಥಕ. ತುಂಬುವುದು ಸೈನ್ಯದ ಸಾಮಾನು. ಎಲ್ಲಿಗೆ, ಯಾವಾಗ, ಯಾರ ಹಿಂದೆ ಸಾಲುಗಟ್ಟಿ ಹೋಗಬೇಕು ಎಂದು ಹೇಳುವುದು ನೌಕಾಪಡೆ. ಆದರೆ ಒಳಗೆ ದುಡಿಯುವವರು ನೌಕಾಪಡೆಯವರಲ್ಲ. ಸಮವಸ್ತ್ರವಿಲ್ಲ, ಸೆಲ್ಯೂಟ್ ಇಲ್ಲ. "ಟಾರ್ಪಿಡೊಗೆ ಮಾತ್ರ ಆ ವ್ಯತ್ಯಾಸ ಗೊತ್ತಿರಲಿಲ್ಲ" ಎಂದಳು.

ಅಪ್ಪನ ಪುಸ್ತಕ ತೋರಿಸಿದೆವು. ಅದರಲ್ಲಿ ಅವರ ಕೆಲಸ 'ಡೆಕ್ ಹ್ಯಾಂಡ್' ಎಂದಿತ್ತು. ಅಣ್ಣ ಅದನ್ನು ಕಮಾಂಡೊ ಥರದ ಯಾವುದೋ ಹುದ್ದೆ ಎಂದೇ ನಂಬಿದ್ದ. ಹಗ್ಗ ಎಳೆಯುವುದು, ತುಕ್ಕು ಕೆರೆಯುವುದು, ಸರಕಿನ ಬಾಗಿಲು ತೆರೆಯುವುದು ಮುಚ್ಚುವುದು ಎಂದು ಕತೆರಿನಾ ವಿವರಿಸಿದಳು. ನಾನು ಎಷ್ಟು ಮೆದುವಾಗಿ ಸಾಧ್ಯವೋ ಅಷ್ಟು ಮೆದುವಾಗಿ ಕನ್ನಡ ಮಾಡಿದೆ.

"ಅಂದ್ರೆ ಅಪ್ಪ ಸೋಲ್ಜರ್ ಅಲ್ಲ."

"ಹಾಗಲ್ಲ ಅಣ್ಣಾ…"

"ಮೂವತ್ತು ವರ್ಷ ಬಾವುಟದ ಕೆಳಗೆ ನಿಂತು ಸುಳ್ಳು ಹೇಳಿದೀನಿ ಕಣೇ ನಾನು."

ಅವನು ಕಂಬಿ ಹಿಡಿದು ನೀರು ನೋಡುತ್ತಾ ನಿಂತ. ಇಷ್ಟು ದೂರ ಕರೆತಂದು ಅಪ್ಪನನ್ನು ಅವನಿಂದ ಕಿತ್ತುಕೊಂಡೆನೇನೋ ಎನ್ನಿಸಿತು.

ಅವನನ್ನು ಸರಿಮಾಡಿದ್ದು ಹಡಗಿನ ಹೊಟ್ಟೆ. ಕಡಿದಾದ ಏಣಿ ಇಳಿದು ಸರಕು ತುಂಬುವ ನೆಲಮಾಳಿಗೆಗೆ ಹೋದೆವು. ಬರಿದಾದ, ಕತ್ತಲು ಕತ್ತಲಾದ, ಮಾತಾಡಿದರೆ ಮಾತು ವಾಪಸು ಬರುವಷ್ಟು ದೊಡ್ಡ ಜಾಗ. ಇಂಥವು ಐದು ಇವೆಯಂತೆ. ಅಣ್ಣ ಸುತ್ತ ನೋಡಿದ. ಗೋಡೆಯ ಕಬ್ಬಿಣದ ಪಕ್ಕೆಲುಬುಗಳನ್ನು ಮುಟ್ಟಿದ. ಹೆಜ್ಜೆಯಲ್ಲಿ ಉದ್ದ ಅಳೆದ. ಆಮೇಲೆ ಕೇಳಿದ, "ಮೊದಲು ಬೇಕಾಗೋ ಮಾಲು ಎಲ್ಲಿ ಹಾಕ್ತಿದ್ರಂತೆ ಕೇಳು."

ಕತೆರಿನಾಳ ಮುಖ ಅರಳಿತು. ಬರುವವರು ಯಾರೂ ಕೇಳದ ಪ್ರಶ್ನೆಯಂತೆ ಅದು. ಇಳಿದ ಕೂಡಲೇ ಬೇಕಾಗುವುದನ್ನು ಕೊನೆಗೆ ತುಂಬಬೇಕು, ಆಗ ಅದು ಮೇಲಿರುತ್ತದೆ ಎಂದಳು. ಅಣ್ಣ, "ಗೊತ್ತು, ಗೊತ್ತು" ಎಂದ. ಭಾರದ್ದು ಕೆಳಗೆ, ನಡುವೆ ಜಾಗ ಬಿಟ್ಟರೆ ಅಲೆಗೆ ಸಾಮಾನು ಹೊರಳಿ ಹಡಗೇ ವಾಲುತ್ತದೆ ಎಂದಳು. "ನೈಸ್ ರೋಡ್ ತಿರುವಲ್ಲಿ ನಂದೂ ಒಂದು ವಾಲಿತ್ತು" ಎಂದ. ಒಂದೇ ಜಾತಿಯ ಸರಕನ್ನು ಒಂದೇ ಹಡಗಿಗೆ ತುಂಬುವಂತಿಲ್ಲ. ಎಲ್ಲ ಹಿಟ್ಟೂ ಒಂದರಲ್ಲೇ ಇದ್ದು ಅದು ಮುಳುಗಿದರೆ ಸೈನ್ಯ ಉಪವಾಸ. ಹಾಗಾಗಿ ಹಿಟ್ಟಿನ ಮೂಟೆ, ಬೂಟು, ಔಷಧಿ, ಫಿರಂಗಿ ಗುಂಡು ಎಲ್ಲವೂ ಒಂದೇ ಹೊಟ್ಟೆಯಲ್ಲಿ.

"ನಮ್ಮಪ್ಪ ಲಾರಿ ಮನುಷ್ಯ ಕಣೇ! ಒಂದು ದಿನ ಹೇಳ್ಲಿಲ್ವಲ್ಲ! ನಾನು ಮೊದಲ ಲಾರಿ ತಗೊಂಡಾಗ ಇದ್ದಿದ್ರೆ ಲೋಡಿಂಗ್ ಹೇಳಿಕೊಡ್ತಿದ್ರು" ಎಂದು ಆ ಕತ್ತಲಲ್ಲಿ ಕೂಗಿದ. ಮಾತು ಗೋಡೆಗೆ ಬಡಿದು ಮತ್ತೆ ಬಂತು.

ಊಟದ ಕೋಣೆ

ಸಿಬ್ಬಂದಿ ಊಟ ಮಾಡುತ್ತಿದ್ದ ಕೋಣೆಯಲ್ಲಿ, ತಟ್ಟೆ ಜಾರದಂತೆ ಅಂಚು ಕಟ್ಟಿದ ಮೇಜಿನ ಮೇಲೆ, ಅಣ್ಣ ಕಾಗದವನ್ನು ಬಿಚ್ಚಿಟ್ಟ. "ಸರ್ಟಿಫಿಕೇಟ್ ಓದಕ್ಕೆ ಹೇಳು."

ಕತೆರಿನಾ ಕನ್ನಡಕ ಹಾಕಿಕೊಂಡು ಓದಿದಳು. ಒಮ್ಮೆ ಓದಿದಳು, ಮತ್ತೊಮ್ಮೆ ಓದಿದಳು. ಕನ್ನಡಕ ತೆಗೆದು, "ಇದು ಏನೆಂದು ನಿಮಗೆ ನಿಜವಾಗಿಯೂ ಗೊತ್ತಿಲ್ಲವೇ?" ಎಂದಳು. ಆಮೇಲೆ ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದಳು. ನಾನು ನನ್ನ ಪುಟ್ಟ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡದ್ದು ಹೀಗಿದೆ:

'ಅಣ್ಣ ಕೋಸ್ತ, ನಾವು ಬದುಕಿದ್ದೇವೆ, ನಾನೂ ಚಿಕ್ಕವನೂ. ದೊಡ್ಡವಳು ಎಲೆನಿ ಹೋದಳು, ಮೂರು ಚಳಿಗಾಲದ ಹಿಂದೆ, ಊರಲ್ಲಿ ರೊಟ್ಟಿಯೇ ಇಲ್ಲದಾಗ. ನಿನಗೆ ತಿಳಿಸಲು ದಾರಿ ಇರಲಿಲ್ಲ. ಈಗ ಹಡಗುಗಳು ಬಂದಿವೆ. ಇದನ್ನು ತರುವವನು ಹಿಂದೂಸ್ತಾನದವನು, ಚಿಕ್ಕವನಿಗೆ ಹಾಲಿನ ಡಬ್ಬಿ ಕೊಟ್ಟ. ಅವನ ಹಡಗು ಅಲೆಕ್ಸಾಂಡ್ರಿಯಾಕ್ಕೆ ಬರುತ್ತದಂತೆ. ನಾವು ಈಗಲೂ ಚರ್ಚಿನ ಹಿಂದೆ, ಹಗ್ಗ ಹೊಸೆಯುವವರ ಅಂಗಳದ ಮೇಲಿನ ಮನೆಯಲ್ಲಿದ್ದೇವೆ. ನೀನು ಬದುಕಿದ್ದೀಯ ಎಂದು ಒಂದು ಸಾಲು ಬರೆದು ಇವನ ಕೈಯಲ್ಲೇ ಕಳಿಸು. ಸಮುದ್ರ ದಾಟಿ ಅಷ್ಟು ಬಂದರೆ ಸಾಕು. ನಿನ್ನ ತಂಗಿ ಮರಿಗೊ.'

"ಏನಂತೆ?" ಎಂದ ಅಣ್ಣ.

"ಅಣ್ಣಾ, ಇದು ಅಪ್ಪನಿಗೆ ಕೊಟ್ಟದ್ದಲ್ಲ. ಅಪ್ಪನ ಕೈಲಿ ಕೊಟ್ಟು ಕಳಿಸಿದ್ದು."

ಓದಿ ಹೇಳಿದೆ. ಅವನು ಮೇಜಿನ ಅಂಚನ್ನು ಹಿಡಿದುಕೊಂಡ. ನಲವತ್ತು ವರ್ಷ ಲಾರಿ ನಡೆಸಿದವನು. ಪ್ರವಾಹದಲ್ಲಿ ಸಿಕ್ಕಿಕೊಂಡಾಗಲೂ ತಲೆಯ ಮೇಲೆ ಹೊತ್ತು ಸಾಮಾನು ಮುಟ್ಟಿಸಿದ್ದನ್ನು ಇವತ್ತಿಗೂ ಹೇಳಿಕೊಳ್ಳುವವನು.

"ಡೆಲಿವರಿ ಆಗಿಲ್ಲ" ಎಂದ. "ಅಪ್ಪ ಡೆಲಿವರಿ ಮಾಡಿಲ್ಲ. ನಾನು ಅದಕ್ಕೆ ಫ್ರೇಮ್ ಹಾಕ್ಸಿದೀನಿ."

ಯಾಕೆ ಮುಟ್ಟಿಸಲಿಲ್ಲ? ಅಪ್ಪನ ಪುಸ್ತಕದಲ್ಲಿ ಹಡಗಿನಿಂದ ಇಳಿದ ಊರು ಎಂದು ಇದ್ದದ್ದು ಬೊಂಬಾಯಿ. ಯುದ್ಧಕಾಲದಲ್ಲಿ ಹೊರಟ ಮೇಲೂ ದಾರಿ ಬದಲಾಗುತ್ತಿತ್ತು, ಎಲ್ಲಿಗೆಂದು ನಾಯಕನಿಗೆ ಮಾತ್ರ ಗೊತ್ತಿರುತ್ತಿತ್ತು ಎಂದಳು ಕತೆರಿನಾ. ಇರಬಹುದು. ಆದರೆ ಬೊಂಬಾಯಿಯಿಂದ ಅಂಚೆಗೆ ಹಾಕಬಹುದಿತ್ತಲ್ಲ? ಯಾವ ವಿಳಾಸಕ್ಕೆ? ಕಾಗದದಲ್ಲಿ ಇದ್ದದ್ದು ಕೋಸ್ತ ಎಂಬ ಹೆಸರು ಮಾತ್ರ. ಬಾಯಲ್ಲಿ ಹೇಳಿದ್ದಿರಬಹುದಾದ ಬೀದಿಯ ಹೆಸರನ್ನು ಅಪ್ಪ ಮರೆತರೇ? ಆ ಹೆಂಗಸು ಉತ್ತರಕ್ಕೆ ಎಷ್ಟು ದಿನ ಕಾದಳು? ಅಪ್ಪನ ಮೇಲೆ ಸಿಟ್ಟು ಬಂತು. ಮರುಕ್ಷಣ, ಓದಲು ಬಾರದ ಕಾಗದವನ್ನು ಸಾಯುವತನಕ ಮಡಿಸಿಟ್ಟುಕೊಂಡ ಆ ಮನುಷ್ಯನ ಮೇಲೆ ಸಿಟ್ಟು ಮಾಡುವುದು ಹೇಗೆ ಎಂದು ತಿಳಿಯದಾಯಿತು.

"ಹಾಲಿನ ಡಬ್ಬಿ ಎಲ್ಲಿಂದ ತಂದ್ರು?" ಎಂದ ಅಣ್ಣ. "ಅವರ ಪಾಲಿಂದಾ, ಮಾಲಿಂದ ಎತ್ತಿದ್ದಾ? ಕೇಳು."

ಕತೆರಿನಾ ಕೈ ಚೆಲ್ಲಿದಳು. ಸರಕಿಗೆ ಕೈ ಹಾಕಿದರೆ ದೊಡ್ಡ ಶಿಕ್ಷೆ ಇತ್ತು ಎಂದಷ್ಟೇ ಹೇಳಿದಳು. ಇನ್ನೂ ಒಂದು ಮಾತು ಸೇರಿಸಿದಳು. ಈ ಕಾಗದ ಬರೆದ ಚಳಿಗಾಲದಲ್ಲೇ, ದೇಶವನ್ನು ಹಿಡಿದಿಟ್ಟುಕೊಂಡಿದ್ದ ಶತ್ರುಸೈನ್ಯ ಬಿಟ್ಟುಹೋದ ಮೇಲೆ, ಈ ಊರಿನೊಳಗೇ ಜಗಳ ಹತ್ತಿತಂತೆ. ರೊಟ್ಟಿ ತಂದ ಹಡಗುಗಳು ತಂದ ಗುಂಡುಗಳೇ ಈ ಬೀದಿಗಳಲ್ಲೂ ಹಾರಿದವಂತೆ. "ನಿಮ್ಮ ತಂದೆಯ ಹಡಗೇ ಎಂದು ನಾನು ಹೇಳುತ್ತಿಲ್ಲ. ಯಾವುದು ಎಂದು ಯಾರಿಗೂ ಗೊತ್ತಿಲ್ಲ" ಎಂದಳು.

ಅದನ್ನು ಅಣ್ಣನಿಗೆ ಕನ್ನಡ ಮಾಡಬೇಕೋ ಬೇಡವೋ ಎಂದು ನಾನು ನಿಂತೆ. ಆಮೇಲೆ ಮಾಡಿದೆ. ಅವನು ಕಾಗದವನ್ನು ಮಡಿಸಿ ಫೈಲಿನೊಳಗೆ ಇಟ್ಟ.

ಕಾಫಿ ಅಂಗಡಿ

ಚರ್ಚಿನ ಹಿಂದಿನ ಹಗ್ಗದವರ ಅಂಗಳ ಈಗ ಕಾರು ನಿಲ್ಲಿಸುವ ಜಾಗ. ಆದರೆ ಕತೆರಿನಾ ಅದೇ ಕಡೆಯವಳು. ಎರಡು ದಿನ ಯಾರ್ಯಾರಿಗೋ ಫೋನ್ ಮಾಡಿ, ತಾಯಿಯ ಹೆಸರು ಮರಿಗೊ ಎಂದಿದ್ದ ಒಬ್ಬ ಮುದುಕರನ್ನು ಹುಡುಕಿದಳು. ಹೆಸರು ಯಾನಿಸ್. ವಯಸ್ಸು ತೊಂಬತ್ತರ ಹತ್ತಿರ. ಮೊದಲೇ ಎಚ್ಚರಿಸಿದಳು: ಆ ಕಾಲದಲ್ಲಿ ಮರಿಗೊ ಎಂಬ ಹೆಸರು ಬೀದಿಗೆ ಮೂರು ಇರುತ್ತಿತ್ತು.

ನಾವು ಕಾಫಿ ಅಂಗಡಿಗೆ ಹೋದಾಗ ಯಾನಿಸ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಕೋಲನ್ನು ಮಂಡಿಯ ನಡುವೆ ನಿಲ್ಲಿಸಿಕೊಂಡು ಕೂತಿದ್ದರು. ಗ್ರೀಕ್ ಬಿಟ್ಟು ಬೇರೆ ಭಾಷೆ ಬಾರದು. ಅವರು ಹೇಳಿದ್ದನ್ನು ಕತೆರಿನಾ ಇಂಗ್ಲಿಷಿಗೆ, ನಾನು ಕನ್ನಡಕ್ಕೆ. ಅಣ್ಣನ ಮಾತು ಅದೇ ದಾರಿಯಲ್ಲಿ ವಾಪಸು. ಒಂದು ಪ್ರಶ್ನೆ ಹೋಗಿ ಉತ್ತರ ಬರುವಷ್ಟರಲ್ಲಿ ಕಾಫಿ ಆರುತ್ತಿತ್ತು.

ಕಾಗದವನ್ನು ಅವರು ತಾವೇ ಓದಿದರು. ತುಟಿ ಅಲ್ಲಾಡುತ್ತಿತ್ತು. ಒಂದು ಕಡೆ ನಿಂತಿತು.

ತಮ್ಮ ಸೋದರಮಾವ ಅಲೆಕ್ಸಾಂಡ್ರಿಯಾದಲ್ಲಿದ್ದದ್ದು ಹೌದು ಎಂದರು. ಯುದ್ಧ ಮುಗಿದು ಎಷ್ಟೋ ವರ್ಷಕ್ಕೆ ಬಂದರು. ಅವರನ್ನು ಎಲ್ಲರೂ ದಿನೋ ಎನ್ನುತ್ತಿದ್ದರು. ಕೋಸ್ತ ಮತ್ತು ದಿನೋ ಎರಡೂ ಒಂದೇ ಹೆಸರಿನ ಮುದ್ದು ರೂಪಗಳು, ಇರಬಹುದು. ಮನೆ ಚರ್ಚಿನ ಹಿಂದೆಯೇ, ಆದರೆ ಹಗ್ಗದವರ ನೆನಪಿಲ್ಲ. ಹಾಲಿನ ಡಬ್ಬಿಯ ನೆನಪಿಲ್ಲ. ಹಿಂದೂಸ್ತಾನದವನ ನೆನಪಿಲ್ಲ. ಆಗ ಏಳೋ ಎಂಟೋ ವರ್ಷ.

ಆಮೇಲೆ ಕಾಗದದ ಒಂದು ಪದದ ಮೇಲೆ ಬೆರಳಿಟ್ಟು ಏನೋ ಕೇಳಿದರು. ಕತೆರಿನಾ ಬಗ್ಗಿ ಆ ಪದ ನೋಡಿದಳು. ಮತ್ತೆ ಕೇಳಿದರು. ಅವಳು ನನ್ನ ಕಡೆ ತಿರುಗಿ, "ಎಲೆನಿ ಯಾರು ಎಂದು ಕೇಳುತ್ತಿದ್ದಾರೆ. ನನಗೆ ಒಬ್ಬ ಅಕ್ಕ ಇದ್ದಳೆಂದು ಅಮ್ಮ ಎಂದೂ ಹೇಳಲಿಲ್ಲ ಎನ್ನುತ್ತಿದ್ದಾರೆ" ಎಂದಳು.

ಇದನ್ನು ಕನ್ನಡ ಮಾಡುವ ಮೊದಲೇ ಅಣ್ಣನಿಗೆ ಅರ್ಥವಾಗಿತ್ತು. ಯಾನಿಸ್‌ರ ಮುಖವನ್ನೇ ನೋಡುತ್ತಿದ್ದ.

ನನಗೆ ಹೆದರಿಕೆಯಾಯಿತು. ಯಾರದೋ ಮನೆಯ ಸಾವನ್ನು ತಂದು ಈ ಮುದುಕರ ಮುಂದೆ ಇಟ್ಟೆವೇನೋ. ಅಥವಾ ಅವರದೇ ಮನೆಯ ಸಾವನ್ನು ಇಷ್ಟು ತಡವಾಗಿ. ಎರಡರಲ್ಲಿ ಯಾವುದು ಹೆಚ್ಚು ಕ್ರೂರ ಎಂದು ಇವತ್ತಿಗೂ ಹೇಳಲಾರೆ.

"ಇದನ್ನ ಇವರಿಗೇ ಕೊಡಣ" ಎಂದ ಅಣ್ಣ.

"ಇವರದೇ ಅಂತ ಗೊತ್ತಿಲ್ವಲ್ಲ. ನಾಳೆ ನಿಜವಾದ ಮನೆಯವರು ಸಿಕ್ಕಿದ್ರೆ? ಹಡಗಿನಲ್ಲೇ ಜೋಪಾನವಾಗಿಡಕ್ಕೆ ಕತೆರಿನಾಗೆ ಕೊಡಣ."

"ಮತ್ತೆ ಗಾಜಿನೊಳಗೆ ಹಾಕ್ತಾರೆ ಕಣೇ. ಅದು ಕಾಗದ. ಓದೋಕೆ ಬರೆದಿರೋದು. ಈ ಬೀದಿಯೋರು ಒಬ್ರು ಓದಿದ್ರಲ್ಲ. ನನಗೆ ಅಷ್ಟು ಸಾಕು."

"ತಪ್ಪು ವಿಳಾಸ ಆದ್ರೆ?"

"ಎಂಬತ್ತು ವರ್ಷ ಮಲ್ಲತ್ತಹಳ್ಳೀಲಿ, ಕೆಂಗೇರೀಲಿ ಇತ್ತಲ್ಲ, ಅದು ಸರಿ ವಿಳಾಸವಾ?"

ನಾವಿಬ್ಬರೂ ಕನ್ನಡದಲ್ಲಿ ದನಿ ಏರಿಸಿ ಜಗಳವಾಡುವುದನ್ನು ಅಂಗಡಿಯವರೆಲ್ಲ ಕುತೂಹಲದಿಂದ ನೋಡಿದರು. ನಾನು ಸೋತೆ, ವಾದದಲ್ಲಲ್ಲ, ಅವನ ಕಣ್ಣು ನೋಡಿ. ಅಣ್ಣ ಎದ್ದು, ಎರಡೂ ಕೈಯಲ್ಲಿ ಹಿಡಿದು, ತಾಂಬೂಲ ಕೊಡುವ ಹಾಗೆ ಬಗ್ಗಿ ಕಾಗದ ಕೊಟ್ಟ. ಯಾನಿಸ್ ತೆಗೆದುಕೊಳ್ಳಲಿಲ್ಲ. ನನ್ನದಲ್ಲದಿದ್ದರೆ ಎಂದರು. ಅಣ್ಣ ಕೈ ಹಿಂದೆಗೆಯಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದನೋ. ಕೊನೆಗೆ ಯಾನಿಸ್ ಕೋಲನ್ನು ಪಕ್ಕಕ್ಕಿಟ್ಟು ಎರಡೂ ಕೈ ಚಾಚಿದರು. ಭಾನುವಾರ ಬೆಳಿಗ್ಗೆ ಚರ್ಚಿಗೆ ಬನ್ನಿ ಎಂದರು.

ಭಾನುವಾರ

ಅಲ್ಲಿ ಸತ್ತವರ ಹೆಸರುಗಳನ್ನು ಚೀಟಿಯಲ್ಲಿ ಬರೆದು ಪಾದ್ರಿಗೆ ಕೊಟ್ಟರೆ ಪ್ರಾರ್ಥನೆಯಲ್ಲಿ ಓದುತ್ತಾರೆ. ಯಾನಿಸ್ ಚೀಟಿಯಲ್ಲಿ ತಾಯಿಯ ಹೆಸರು ಬರೆದರು. ಕೆಳಗೆ ಎಲೆನಿ ಎಂದು ಬರೆದರು. ಪೆನ್ನು ಹಿಡಿದೇ ನಮ್ಮ ಕಡೆ ತಿರುಗಿ ಅಪ್ಪನ ಹೆಸರು ಕೇಳಿದರು. ಅಣ್ಣ ಮೂರು ಸಲ ಹೇಳಿದ. ಪರಧರ್ಮದವರ ಹೆಸರು ಓದಬಹುದೇ ಎಂದು ನಾನು ಕತೆರಿ­ನಾಳನ್ನು ಕೇಳಿದೆ. "ಕೇಳಬೇಡಿ, ಕೇಳಿದರೆ ಅವರು ಯೋಚಿಸಬೇಕಾಗುತ್ತದೆ" ಎಂದಳು.

ಧೂಪದ ಹೊಗೆಯಲ್ಲಿ ಹೆಸರುಗಳ ಉದ್ದ ಸಾಲು ಬಂತು. ನಮಗೆ ಒಂದೂ ಹಿಡಿಯಲಿಲ್ಲ. ಎಲೆನಿ ಎಂದದ್ದು ಕೇಳಿಸಿತು. ಅದಾದ ಮೇಲೆ ಪಾದ್ರಿ ತಡವರಿಸಿ, ಚೀಟಿಯನ್ನು ಹತ್ತಿರ ಹಿಡಿದು, "ಮುನಿಯಾಪಾ" ಎಂದರು. ಅಣ್ಣ ತಾನಾಗಿಯೇ ಕೈ ಮುಗಿದ.

ಹೊರಗೆ ಮೆಟ್ಟಿಲ ಮೇಲೆ ಯಾನಿಸ್ ನಮಗೆ ಒಂದೊಂದು ಪೊಟ್ಟಣ ಕೊಟ್ಟರು. ಬೇಯಿಸಿದ ಗೋಧಿಗೆ ಸಕ್ಕರೆ, ಬಾದಾಮಿ, ದಾಳಿಂಬೆ ಕಾಳು ಬೆರೆಸಿದ್ದು. ಅಲ್ಲಿ ತಿಥಿಯ ಪ್ರಸಾದ ಅದೇ. ಮೂವರೂ ಮೆಟ್ಟಿಲ ಮೇಲೆ ಕೂತು ತಿಂದೆವು. ಕತೆರಿನಾ ಬಿಸಿಲಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು.

ಯಾನಿಸ್ ಏನೋ ಕೇಳಿದರು. ಕತೆರಿನಾ ಹೇಳಿದಳು, "ನಿಮ್ಮ ತಂದೆ ಮನೆಯಲ್ಲಿ ಎಂದಾದರೂ ನಮ್ಮ ವಿಷಯ ಹೇಳಿದ್ದರೇ ಎಂದು ಕೇಳುತ್ತಿದ್ದಾರೆ."

ನಾನು ಅಣ್ಣನಿಗೆ ಕನ್ನಡ ಮಾಡಿದೆ. ಉತ್ತರ ನನಗೆ ಗೊತ್ತಿತ್ತು. ಅಪ್ಪ ಒಂದು ದಿನವೂ ಯಾರ ವಿಷಯವನ್ನೂ ಹೇಳಿರಲಿಲ್ಲ.

ಅಣ್ಣ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಹೇಳಿದ, "ಹೇಳ್ತಿದ್ರು ಅನ್ನು. ಒಂದು ಮನೆ ಇತ್ತು, ಒಬ್ಬ ಹುಡುಗ ಇದ್ದ, ಅವನಿಗೆ ಹಾಲು ಕೊಟ್ಟೆ, ಅವನ ಜೊತೆ ಒಂದು ಪುಟ್ಟ ಹುಡುಗೀನೂ ಇರಬೇಕಿತ್ತು, ಇರಲಿಲ್ಲ ಅಂತ ಹೇಳ್ತಿದ್ರು. ಉತ್ತರ ತರೋಕಾಗ್ಲಿಲ್ಲ ಅಂತ ಕೊನೇವರೆಗೂ ಹೇಳ್ತಿದ್ರು."

ನಾನು ಅವನ ಮುಖ ನೋಡಿದೆ. ಅವನು ನನ್ನ ಕಡೆ ತಿರುಗಲಿಲ್ಲ. ಬಂದರಿನ ಕಡೆ ನೋಡುತ್ತಿದ್ದ. ಮೂವತ್ತೊಂದು ವರ್ಷ ಮಕ್ಕಳಿಗೆ, ಸಾಧಿಸಲಾಗದ್ದನ್ನು ಬರೆಯಬೇಡಿ ಎಂದು ಹೇಳಿಕೊಟ್ಟವಳು ನಾನು. ಕತೆರಿನಾ ಕಾಯುತ್ತಿದ್ದಳು. ಯಾನಿಸ್ ತಿನ್ನುವುದನ್ನು ನಿಲ್ಲಿಸಿದ್ದರು.

ನಾನು ಅಣ್ಣ ಹೇಳಿದ್ದನ್ನು ಒಂದು ಮಾತೂ ಬಿಡದೆ ಇಂಗ್ಲಿಷಿಗೆ ಮಾಡಿದೆ.

ಅತ್ತಿಗುಪ್ಪೆಗೆ ಬಂದು ತಿಂಗಳುಗಳಾದವು. ಈಗ ಕೆಲವು ದಿನ ಬೆಳಿಗ್ಗೆ ಎದ್ದಾಗ, ಮಲ್ಲತ್ತಹಳ್ಳಿಯ ಜಗುಲಿಯ ಮೇಲೆ ಅಪ್ಪ ನಿಜವಾಗಿಯೂ ಹಾಗೆ ಹೇಳಿದ್ದು, ನಾನು ಪಕ್ಕದಲ್ಲಿ ಕೂತು ಕೇಳಿದ್ದು ನೆನಪಾಗುತ್ತದೆ. ಅವರ ದನಿ ಕೂಡ ಕೇಳಿಸುತ್ತದೆ. ಅದು ನೆನಪಲ್ಲ ಎಂದು ನನಗೆ ಗೊತ್ತು. ಗೊತ್ತು ಎಂದೇ ಅಂದುಕೊಂಡಿದ್ದೇನೆ.